ಸಾಮೋಸ್ ಮಠದಲ್ಲಿ ಒಂದು ಸಂಜೆ

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೊ ಎಂಬ ಊರಿದೆ. ಯೇಸುವಿನ ಶಿಷ್ಯರಲ್ಲೊಬ್ಬನಾದ ಯಾಕೋಬನ ಸಮಾಧಿ ಅಲ್ಲಿದೆಯೆಂಬ ನಂಬಿಕೆಯಿಂದ ಸಾವಿರ ವರ್ಷಕ್ಕೂ ಮಿಗಿಲಾಗಿ ಯಾತ್ರಿಕರು ಆ ಊರಿಗೆ ನಡೆದು ಬರುತ್ತಿದ್ದಾರೆ. ಆ ಹಾದಿಯಲ್ಲಿ ತ್ರಿಯಾಕಸ್ತೇಲವೆಂಬ ಹಳ್ಳಿಯ ಅಂಚಿಗೆ ದಾರಿ ಕವಲೊಡೆಯುತ್ತದೆ. ಬಲಗಡೆಯದು ಹತ್ತಿರದ ದಾರಿ. ಎಡಗಡೆಯದು ಆರೇಳು ಕಿಲೋಮೀಟರು ಸುತ್ತು. ಮೊಣಕಾಲು ನೋವಿನ ನನ್ನಂಥವನು ಬಲಕ್ಕೆ ತಿರುಗುವುದೇ ವಿವೇಕವಾಗಿತ್ತು. ಆದರೆ ಬೆನೆಡಿಕ್ಟೈನ್ ಪಂಥದ ಸಾಮೋಸ್ ಮಠವಿರುವುದು ಎಡದಾರಿಯಲ್ಲಿ. ಎಡಕ್ಕೇ ತಿರುಗಿದೆ.

ಮರಗಳ ನೆರಳಿನ ಇಳಿಜಾರಿನ ಕೊನೆಗೆ, ಹೊಳೆಯ ದಡದಲ್ಲಿ, ಕಪ್ಪು ಕಲ್ಲುಹಾಸಿನ ವಿಶಾಲವಾದ ಛಾವಣಿ ಫಕ್ಕನೆ ಕಣ್ಣಿಗೆ ಬೀಳುತ್ತದೆ. ಮಠದ ಮೂಲ ಆರನೆಯ ಶತಮಾನದಷ್ಟು ಹಿಂದಿನದು. ತಂದೆ ಕೊಲೆಯಾದ ಮೇಲೆ ಬಾಲಕ ಎರಡನೆಯ ಅಲ್ಫಾನ್ಸೊ ತಲೆಮರೆಸಿಕೊಂಡು ಬೆಳೆದದ್ದು ಇಲ್ಲಿಯೇ ಎನ್ನುತ್ತಾರೆ. ಮುಂದೆ ಯಾಕೋಬನ ಸಮಾಧಿ ಪತ್ತೆಯಾದದ್ದು ಇವನೇ ಅರಸನಾಗಿದ್ದ ಕಾಲದಲ್ಲಿ.

ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬಗೆದು ಬರಮಾಡಿಕೊಳ್ಳಬೇಕೆಂಬುದು ಸಂತ ಬೆನೆಡಿಕ್ಟನ ಕಟ್ಟಳೆ. ಬಾಗಿಲು ಕಾಯಲು ಅಲೆದಾಡುವ ಚಪಲವಿಲ್ಲದ ವೃದ್ಧನನ್ನೇ ನೇಮಿಸಬೇಕೆಂದೂ ಆತ ವಿಧಿಸಿದ್ದಾನೆ. ನಿವೃತ್ತರಿಗೆ ತಕ್ಕ ಉದ್ಯೋಗ! ಯಾತ್ರಿಕರ ತಂಗುಮನೆಯಲ್ಲಿ ಬಾಡಿಗೆ ಕೇಳಲಿಲ್ಲ. ಪೆಟ್ಟಿಗೆಯೊಂದಿತ್ತು, ಹಾಕಿದಷ್ಟು.

ಒಳಗೆ ಎರಡು ಚೌಕಾಂಗಳಗಳು. ಚಿಕ್ಕದರ ನಡುವೆ ತೆರೆದೆದೆಯ ಜಲಕನ್ಯೆಯರು ಹೊತ್ತ ಕಾರಂಜಿಯಿದೆ. ಸನ್ಯಾಸಿಗಳ ಅಂಗಳದಲ್ಲಿ ಇವರೇಕೆ ಎಂದು ಬೆರಗಾಗಿ ಕತ್ತೆತ್ತಿದರೆ, ಕಮಾನಿನ ನಡುಗಲ್ಲಿನ ಮೇಲೆ ಹಿಂದಿನ ಶಿಲ್ಪಿ ಕೊರೆದ ಮಾತು ಕಾಣುತ್ತದೆ: 'ಏನು ನೋಡುತ್ತೀಯೋ, ಪೆದ್ದ?' ದೊಡ್ಡ ಅಂಗಳದಲ್ಲಿ ಫೈಹೋ ಎಂಬ ವಿದ್ವಾಂಸನ ಪ್ರತಿಮೆ. 1690ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಈ ಮಠ ಸೇರಿದವನು. ಮುಂದೆ ಜನರ ಮೂಢನಂಬಿಕೆಗಳನ್ನು ಸಂಪುಟ ಸಂಪುಟವಾಗಿ ಖಂಡಿಸಿ ಬರೆದವನು. ಮಠದಿಂದಲೇ ಅಂಥ ದನಿ ಹೊರಟಿತೆಂಬುದು ನನಗೆ ಬಹು ಮೆಚ್ಚುಗೆಯಾಯಿತು.

ಆದರೆ ನಾನು ಸುತ್ತುದಾರಿ ಹಿಡಿದದ್ದು ಗ್ರಂಥಭಂಡಾರದ ಆಸೆಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರ ಮಠಗಳ ಆಸ್ತಿಯನ್ನು ವಶಪಡಿಸಿಕೊಂಡು ಸನ್ಯಾಸಿಗಳನ್ನು ಹೊರಗಟ್ಟಿತ್ತು. 1880ರಲ್ಲಿ ಅವರು ಮರಳಿ ಬಂದರು. 1951ರ ಸೆಪ್ಟೆಂಬರಿನಲ್ಲಿ, ಮಠದವರು ಮದ್ಯ ತಯಾರಿಸುತ್ತಿದ್ದ ಕೋಣೆಯಿಂದ ಎದ್ದ ಬೆಂಕಿ ಕಟ್ಟಡವನ್ನೆಲ್ಲ ವ್ಯಾಪಿಸಿತು. ಚರ್ಚು ಉಳಿಯಿತು, ಗ್ರಂಥಭಂಡಾರ ಉರಿದುಹೋಯಿತು. ಗೋಡೆಗಳನ್ನು ಮತ್ತೆ ಕಟ್ಟಿದರು, ಮೇಲಂತಸ್ತಿನಲ್ಲಿ ಸಂತ ಬೆನೆಡಿಕ್ಟನ ಜೀವನದ ಚಿತ್ರಗಳನ್ನು ಹೊಸದಾಗಿ ಬರೆಯಿಸಿದರು. ಸುಟ್ಟ ಹೊತ್ತಗೆಯನ್ನು ಯಾರು ತಾನೆ ಮತ್ತೆ ಬರೆದಾರು? ಆ ಮೊಗಸಾಲೆಯಲ್ಲಿ ನಿಂತಾಗ ನನಗೆ ನೆನಪಾದದ್ದು ನನ್ನ ಮನೆಯ ಅಟ್ಟ. ಅಲ್ಲಿ ಅಜ್ಜನ ಕಾಲದ ಮೂರು ಕಟ್ಟು ಓಲೆಗರಿಗಳಿವೆ. ಉದ್ಯೋಗದಲ್ಲಿದ್ದಾಗ ಬಿಡುವಿಲ್ಲವೆಂದೆ, ನಿವೃತ್ತನಾಗಿ ಆರು ವರ್ಷವಾದರೂ ಗಂಟು ಬಿಚ್ಚಿರಲಿಲ್ಲ. ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆ ಬೋಧಿಸಿದವನು ನಾನು!

ಅಷ್ಟರಲ್ಲಿ ಸಂಜೆಯ ಗಂಟೆ ಬಾರಿಸಿತು. ಬೆರಳೆಣಿಕೆಯಷ್ಟು ಸನ್ಯಾಸಿಗಳು, ಬಹುಮಂದಿ ವೃದ್ಧರು, ಎರಡು ಸಾಲಾಗಿ ನಿಂತು ಹಾಡಿದರು. ಒಬ್ಬರ ದನಿ ನಡುಗಿದಾಗ ಎದುರಿನ ಸಾಲಿನವರು ಎತ್ತಿಕೊಳ್ಳುತ್ತಿದ್ದರು. ಮುಗಿಯುವವರೆಗೂ ಕುಳಿತಿದ್ದೆ.

ಊರಿಗೆ ಬಂದ ವಾರದಲ್ಲೇ ಅಟ್ಟ ಹತ್ತಿದೆ. ಒಂದು ಕಟ್ಟಿನ ಪ್ರತಿ ಮುಗಿದಿದೆ, ಮತ್ತೊಂದು ನಡೆದಿದೆ. ಮೂರನೆಯದನ್ನು ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು.