ಹೆಸರು ಬೇರೆ ಬಂಡಿ ಒಂದೇ, ಹೆಸರು ಒಂದೇ ಬಂಡಿ ಬೇರೆ

(ದತ್ತಿ ಉಪನ್ಯಾಸದ ಪಠ್ಯ)



ಯಂತ್ರಕ್ಕೆ ಸಂಬಂಧಪಟ್ಟ ಯಾವುದಾದರೂ ಒಂದು ವಿಷಯವನ್ನು ಎಂಜಿನಿಯರುಗಳಲ್ಲದವರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂಬುದು ಈ ದತ್ತಿಯ ಕರಾರು. ನಾನು ಆರಿಸಿಕೊಂಡದ್ದು ಕಾರುಗಳ ಹೆಸರಿನ ವ್ಯವಹಾರವನ್ನು. ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಕಂಪನಿಗಳು ಒಂದೇ ಕಾರಿಗೆ ದೇಶಕ್ಕೊಂದು ಹೆಸರು, ಕೆಲವೊಮ್ಮೆ ಇನ್ನೊಂದು ಕಂಪನಿಯದೇ ಲಾಂಛನ ಹಾಕಿ ಮಾರುತ್ತವೆ. ಇದನ್ನು ಕಂಡು ನಾವು ಮೂಗು ಮುರಿಯುತ್ತೇವೆ. ಅವೇ ಕಂಪನಿಗಳು ಹೆಸರನ್ನು ಹಾಗೇ ಉಳಿಸಿಕೊಂಡು, ದೇಶಕ್ಕೆ ತಕ್ಕಂತೆ ಕಾರಿನ ಒಳಗನ್ನು ಬದಲಿಸಿಯೂ ಮಾರುತ್ತವೆ. ಇದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಮೊದಲನೆಯದರಿಂದ ಕೊಳ್ಳುವವರಿಗೆ ಅಂಥ ನಷ್ಟವೇನಿಲ್ಲ, ಗಟ್ಟಿಯಾಗಿ ವಿಚಾರಿಸಬೇಕಾದದ್ದು ಎರಡನೆಯದನ್ನು ಎಂಬುದೇ ಇಂದಿನ ನನ್ನ ವಾದ.

1. ಬಿಡದಿಯ ಕಥೆ

ದೂರದ ಉದಾಹರಣೆ ಬೇಡ, ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಿಂದಲೇ ಆರಂಭಿಸೋಣ. ಟೊಯೊಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಹುಟ್ಟಿತು. ಅದರ ಮೊದಲ ವಾಹನ ಕ್ವಾಲಿಸ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಮದುವೆ ದಿಬ್ಬಣ, ತಿರುಪತಿ ಯಾತ್ರೆ, ಕಾಲ್ ಸೆಂಟರುಗಳ ರಾತ್ರಿ ಪಾಳಿ ಎಲ್ಲಕ್ಕೂ ಒದಗಿದ ಈ ಬಂಡಿಯನ್ನು ನಾವು ನಮ್ಮದೇ ಎಂದುಕೊಂಡೆವು. ಅದರ ತವರು ಇಂಡೋನೇಷ್ಯಾ. ಅಲ್ಲಿ 1977ರಿಂದ ಓಡುತ್ತಿದ್ದ 'ಕಿಜಾಂಗ್' ವಂಶದ ವಾಹನವದು. ಅದೇ ವಂಶದ ಬಂಡಿಗಳು ಫಿಲಿಪ್ಪೀನ್ಸ್‌ನಲ್ಲಿ ರೆವೊ, ಮಲೇಷ್ಯಾದಲ್ಲಿ ಉನ್ಸರ್, ದಕ್ಷಿಣ ಆಫ್ರಿಕಾದಲ್ಲಿ ಕಾಂಡೋರ್ ಎಂಬ ಹೆಸರುಗಳಲ್ಲಿ ಮಾರಾಟವಾದವು. 2005ರಲ್ಲಿ ಇಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂತು. ಇಂಡೋನೇಷ್ಯಾದಲ್ಲಿ ಮಾತ್ರ ಅದು 'ಕಿಜಾಂಗ್ ಇನ್ನೋವಾ' ಎಂದೇ ಕರೆಸಿಕೊಂಡಿತು. ಅಲ್ಲಿ ಹಳೆಯ ಹೆಸರಿಗೆ ಕಾಲು ಶತಮಾನದ ನಂಬಿಕೆ ಇತ್ತು. ಕಂಪನಿ ಅದನ್ನು ಏಕೆ ಬಿಟ್ಟೀತು?

ಇಲ್ಲಿಯವರೆಗಿನದು ಒಂದೇ ಮನೆಯೊಳಗಿನ ಹೆಸರು ಬದಲಾವಣೆ. ಮುಂದಿನದು ಎರಡು ಮನೆಗಳ ನಡುವಿನದು. 2018ರಲ್ಲಿ ಟೊಯೊಟಾ ಮತ್ತು ಸುಜುಕಿ ಭಾರತದಲ್ಲಿ ಒಬ್ಬರಿಗೊಬ್ಬರು ಕಾರು ಒದಗಿಸಲು ಒಪ್ಪಿಕೊಂಡವು. ಮರುವರ್ಷ ಟೊಯೊಟಾ 96 ಶತಕೋಟಿ ಯೆನ್ ಕೊಟ್ಟು ಸುಜುಕಿಯ ಶೇ. 4.94ರಷ್ಟು ಷೇರು ತೆಗೆದುಕೊಳ್ಳುವುದಾಗಿ, ಸುಜುಕಿ 48 ಶತಕೋಟಿ ಯೆನ್ನನ್ನು ಟೊಯೊಟಾದಲ್ಲಿ ಹೂಡುವುದಾಗಿ ಪ್ರಕಟಿಸಿದವು. 2019ರ ಜೂನ್‌ನಲ್ಲಿ ಮಾರುತಿ ಬಲೆನೊ ಟೊಯೊಟಾ ಷೋರೂಮಿನಲ್ಲಿ 'ಗ್ಲಾಂಜಾ' ಆಯಿತು. ಮರುವರ್ಷ ಬ್ರೆಝಾ 'ಅರ್ಬನ್ ಕ್ರೂಸರ್' ಆಯಿತು. ಆಮೇಲೆ ಎರ್ಟಿಗಾ 'ರೂಮಿಯಾನ್' ಆಗಿ, ಫ್ರಾಂಕ್ಸ್ 'ಟೈಸರ್' ಆಗಿ ಬಂದವು. ಅದೇ ಬಲೆನೊ ಭಾರತದಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕಾದಲ್ಲಿ ಇಳಿದಾಗ 'ಟೊಯೊಟಾ ಸ್ಟಾರ್ಲೆಟ್' ಎನಿಸಿಕೊಂಡಿತು.

ಎದುರು ದಿಕ್ಕಿನ ಸಂಚಾರವೂ ಉಂಟು. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡನ್ನೂ ತಯಾರಿಸಲು ಆರಂಭಿಸಿದ್ದು ಬಿಡದಿಯಲ್ಲೇ. ವಿದ್ಯುತ್ ಮೋಟಾರು ಅಲ್ಪ ನೆರವಷ್ಟೇ ಕೊಡುವ ಮೈಲ್ಡ್ ಹೈಬ್ರಿಡ್ ಎಂಜಿನ್ ಸುಜುಕಿಯದು, ವಿದ್ಯುತ್ತಿನಿಂದಲೇ ತುಸು ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್ ಟೊಯೊಟಾದ್ದು, ಮಾರಾಟ ಇಬ್ಬರದೂ. 2023ರಲ್ಲಿ ಬಿಡದಿಯ ಇನ್ನೋವಾ ಹೈಕ್ರಾಸ್, ಮಾರುತಿಯ 'ಇನ್ವಿಕ್ಟೊ' ಆಯಿತು. ಯುರೋಪಿನಲ್ಲಿ ಟೊಯೊಟಾ ಕೊರೊಲ್ಲಾದ ಸ್ಟೇಷನ್ ವ್ಯಾಗನ್ 'ಸುಜುಕಿ ಸ್ವೇಸ್' ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅಲ್ಲಿ ಒಂದು ಕಂಪನಿ ಮಾರಿದ ಎಲ್ಲ ಕಾರುಗಳ ಹೊಗೆಯ ಸರಾಸರಿ ನಿಗದಿತ ಮಿತಿಯೊಳಗಿರಬೇಕು. ಸಣ್ಣ ಕಂಪನಿಯಾದ ಸುಜುಕಿಗೆ ಹೈಬ್ರಿಡ್ ಕಾರು ಎರವಲು ತಂದರೆ ಆ ಲೆಕ್ಕ ಹಗುರಾಗುತ್ತದೆ. ಇದೇ ಲೆಕ್ಕದ ಒತ್ತಡವಿದ್ದ ಕಾಲದಲ್ಲಿ, 2011ರಲ್ಲಿ, ಇಂಗ್ಲೆಂಡಿನ ಆಸ್ಟನ್ ಮಾರ್ಟಿನ್‌ನಂಥ ಕಂಪನಿಯೂ ಟೊಯೊಟಾದ ಪುಟಾಣಿ ಐಕ್ಯೂ ಕಾರಿಗೆ ತನ್ನ ಗ್ರಿಲ್ ತೊಡಿಸಿ 'ಸಿಗ್ನೆಟ್' ಎಂದು ಮಾರಿತ್ತು.

2. ಮುಖ ಮಾತ್ರ ಏಕೆ ಬದಲಾಗುತ್ತದೆ?

ಗ್ಲಾಂಜಾ, ಬಲೆನೊ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿ. ಗ್ರಿಲ್ ಬೇರೆ, ಬಂಪರ್ ಬೇರೆ. ಬಾಗಿಲು, ಮಾಡು, ಗಾಜು ಮಾತ್ರ ಒಂದೇ. ಇದರ ಹಿಂದೆ ಕಾರ್ಖಾನೆಯ ಅರ್ಥಶಾಸ್ತ್ರವಿದೆ. ಬಾಗಿಲು, ಮಾಡುಗಳು ಉಕ್ಕಿನ ತಗಡಿನವು. ಅವುಗಳನ್ನು ಒತ್ತುವ ಅಚ್ಚುಗಳು ಭಾರೀ ದುಬಾರಿ. ದೇಹದ ಚೌಕಟ್ಟಿಗೆ ಕೈ ಹಾಕಿದರೆ ಡಿಕ್ಕಿ ಪರೀಕ್ಷೆಗಳನ್ನೂ ಮತ್ತೆ ಮಾಡಬೇಕು. ಗ್ರಿಲ್, ಬಂಪರುಗಳು ಪ್ಲಾಸ್ಟಿಕ್ಕಿನವು, ಅವುಗಳ ಅಚ್ಚು ಅಗ್ಗ. ಹಾಗಾಗಿ ಲಾಂಛನ ಬದಲಿಸುವವರ ಕೈ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನವರೆಗೆ ಹೋಗಿ ನಿಲ್ಲುತ್ತದೆ. ಯಾವುದೇ ಹೊಸ ಕಾರು ಯಾವುದರ ಅವಳಿ ಎಂದು ತಿಳಿಯಬೇಕಾದರೆ ಅದರ ಮುಖವನ್ನು ಬಿಟ್ಟು ಬಾಗಿಲು, ಕಿಟಕಿ ನೋಡಿದರೆ ಸಾಕು.

ಕಂಪನಿಗಳಿಗೆ ಇದರಿಂದ ಆಗುವ ಲಾಭ ಸ್ಪಷ್ಟ. ಹೊಸ ಕಾರೊಂದನ್ನು ಮೊದಲಿನಿಂದ ರೂಪಿಸುವ ವರ್ಷಗಟ್ಟಲೆಯ ಕೆಲಸ, ಹಣ ಉಳಿಯುತ್ತದೆ. ಅರ್ಧ ಖಾಲಿ ಬಿದ್ದ ಕಾರ್ಖಾನೆಗೆ ಕೆಲಸ ಸಿಗುತ್ತದೆ. ಸಣ್ಣ ಕಾರಿಲ್ಲದ ಡೀಲರಿಗೆ ಸಣ್ಣ ಕಾರು ಸಿಗುತ್ತದೆ. ಮಾರುತಿಯ ಮಾನೇಸರ ಕಾರ್ಖಾನೆಯ ಎ-ಸ್ಟಾರ್ ಕಾರು ಯುರೋಪಿನಲ್ಲಿ 'ಸುಜುಕಿ ಆಲ್ಟೊ' ಆಗಿಯೂ 'ನಿಸ್ಸಾನ್ ಪಿಕ್ಸೊ' ಆಗಿಯೂ ಮಾರಾಟವಾಯಿತು. ರೊಮೇನಿಯಾದ ಡಾಸಿಯಾ ಕಂಪನಿಯ ಹೆಸರಿನ ಡಸ್ಟರ್ 2012ರಲ್ಲಿ ನಮ್ಮಲ್ಲಿಗೆ ರೆನೊ ಲಾಂಛನ ಹೊತ್ತು ಬಂತು, ಮರುವರ್ಷ ಅದೇ ನಿಸ್ಸಾನ್ 'ಟೆರಾನೊ' ಆಯಿತು.

3. ಲಾಂಛನಕ್ಕೆ ಕೊಡುವ ಬೆಲೆ

ಹಾಗಾದರೆ ಲಾಂಛನಕ್ಕೆ ನಾವು ಕೊಡುವ ಹಣವೆಲ್ಲ ದಂಡವೇ? ಪೂರ್ತಿ ಅಲ್ಲ. ಗ್ಲಾಂಜಾ ಬಂದಾಗ ಟೊಯೊಟಾ ಕೊಟ್ಟ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್. ಅದೇ ಹೊತ್ತಿಗೆ ಬಲೆನೊ ಕೊಂಡವರಿಗೆ ಸಿಗುತ್ತಿದ್ದದ್ದು 2 ವರ್ಷ ಅಥವಾ 40,000 ಕಿಲೋಮೀಟರ್. ಕಬ್ಬಿಣ ಒಂದೇ ಆದರೂ ಅದರ ಹಿಂದೆ ನಿಂತ ಮಾತು ಬೇರೆ. ಲಾಂಛನದ ಜೊತೆ ಬರುವ ವಾರಂಟಿ, ಸರ್ವಿಸ್, ರೀಸೇಲ್ ಬೆಲೆ ಇವೆಲ್ಲ ನಿಜವಾದ ಸರಕುಗಳೇ.

ರೀಸೇಲ್ ಬೆಲೆಯ ಪಾಠ ಕಲಿಸಿದ್ದು ಅಮೆರಿಕ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಸೇರಿ 1984ರಿಂದ ಒಂದು ಕಾರ್ಖಾನೆ ನಡೆಸಿದವು. ಅಲ್ಲಿ ತಯಾರಾದ ಟೊಯೊಟಾ ಕೊರೊಲ್ಲಾ ಮತ್ತು ಜಿಯೊ ಪ್ರಿಜಂ ಒಳಗೆಲ್ಲ ಒಂದೇ. ಆದರೂ ಪ್ರಿಜಂ ಕಡಿಮೆ ಮಾರಾಟವಾಯಿತು, ಬೆಲೆಯನ್ನೂ ಬೇಗ ಕಳೆದುಕೊಂಡಿತು. ಲೆಕ್ಕ ಬಲ್ಲವರು ಪ್ರಿಜಂ ಕೊಂಡು ಕೊರೊಲ್ಲಾ ಓಡಿಸಿದರು. ಆ ಕಾರ್ಖಾನೆಯಲ್ಲಿ ಈಗ ಟೆಸ್ಲಾ ಇದೆ.

ಲಾಂಛನದ ಮೇಲೆ ಅತಿ ಭಾರ ಹೇರಿದರೆ ಅದು ಮುರಿಯುತ್ತದೆ. 1981ರಲ್ಲಿ ಜನರಲ್ ಮೋಟಾರ್ಸ್ ತನ್ನ ಅಗ್ಗದ ಷೆವರ್ಲೆ ಕ್ಯಾವಲಿಯರ್‌ನ ಅವಳಿಗೆ ಚರ್ಮದ ಸೀಟು ಹಾಕಿ 'ಕ್ಯಾಡಿಲಾಕ್ ಸಿಮರಾನ್' ಎಂದು ಹೆಚ್ಚಿನ ಬೆಲೆಗೆ ನಿಲ್ಲಿಸಿತು. 1988ಕ್ಕೆ ಅದು ಮುಗಿಯಿತು, ಕ್ಯಾಡಿಲಾಕಿನ ಮರ್ಯಾದೆಗೆ ಬಿದ್ದ ಪೆಟ್ಟು ಬಹುಕಾಲ ಉಳಿಯಿತು. ಪುಣೆಯ ಟಾಟಾ ಇಂಡಿಕಾ 2003ರಲ್ಲಿ ಇಂಗ್ಲೆಂಡಿನಲ್ಲಿ 'ಸಿಟಿ ರೋವರ್' ಆದಾಗಲೂ ಹೀಗೇ ಆಯಿತು. ಕೊಟ್ಟ ಸರಕಿಗೆ ಬೆಲೆ ಹೆಚ್ಚಾಯಿತೆಂದು ಜನ ಒಲ್ಲೆ ಎಂದರು. 2005ರಲ್ಲಿ ಎಂಜಿ ರೋವರ್ ಕಂಪನಿಯೇ ಬಾಗಿಲು ಹಾಕಿತು. ಟಾಟಾ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಾಗ 'ರೋವರ್' ಎಂಬ ಹೆಸರಿನ ಹಕ್ಕೂ ಅದರ ಜೊತೆಗೇ ಬಂತು! ಬಾಡಿಗೆಗಿದ್ದವನೇ ಮನೆ ಕೊಂಡಂತೆ.

ಇವುಗಳಲ್ಲಿ ಹೆಚ್ಚಿನ ಪ್ರಕರಣಗಳಲ್ಲಿ ಕೊಳ್ಳುವವರಿಗೆ ಎರಡು ಕಾರುಗಳನ್ನು ತೂಗಿ ನೋಡುವ ಅವಕಾಶ ಇತ್ತು. ಅವಳಿ ಯಾವುದೆಂಬುದು ಗುಟ್ಟಾಗಿ ಉಳಿಯುವುದಿಲ್ಲ. ನಾನು ಲಾಂಛನ ಬದಲಾವಣೆಯನ್ನು ಹೆಚ್ಚು ದೂಷಿಸದಿರುವುದು ಇದಕ್ಕೇ.

4. ನೆಲ, ತೆರಿಗೆ, ಕಾನೂನು

ಈಗ ಒಳಗಿನ ಬದಲಾವಣೆಗೆ ಬರೋಣ. ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ.

ಒಳ್ಳೆಯದರ ದೊಡ್ಡ ಉದಾಹರಣೆ ವೋಲ್ಗಾ ನದಿಯ ದಡದ ತೊಲ್ಯಾಟ್ಟಿ ನಗರದ್ದು. 1966ರಲ್ಲಿ ಸೋವಿಯತ್ ಸರ್ಕಾರ ಇಟಲಿಯ ಫಿಯಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಫಿಯಟ್ 124 ಕಾರುಗಳನ್ನು ರಷ್ಯಾದ ರಸ್ತೆಗಳಲ್ಲಿ ಓಡಿಸಿ ನೋಡಿದಾಗ ಕೆಸರಿಗೆ ಹಿಂಬದಿಯ ಡಿಸ್ಕ್ ಬ್ರೇಕು ಸವೆಯಿತು, ಗುಂಡಿಗಳಿಗೆ ದೇಹ ಬಿರುಕು ಬಿಟ್ಟಿತು. ಎಂಜಿನಿಯರುಗಳು ಹಿಂಬದಿಗೆ ಡ್ರಮ್ ಬ್ರೇಕ್ ಹಾಕಿದರು, ಉಕ್ಕನ್ನು ದಪ್ಪಗೊಳಿಸಿದರು, ಕಾರನ್ನು ನೆಲದಿಂದ ಎತ್ತರಿಸಿದರು, ಎಂಜಿನ್ ಬದಲಿಸಿದರು. ಚಳಿಗೆ ಬ್ಯಾಟರಿ ಸತ್ತರೆ ಕೈಯಿಂದ ತಿರುಗಿಸಿ ಹೊತ್ತಿಸಲು ಹ್ಯಾಂಡಲ್ ಇಟ್ಟರು. ಸುಮಾರು 800 ಬದಲಾವಣೆಗಳಾದ ಮೇಲೆ 1970ರಲ್ಲಿ ಹೊರಬಂದ ಕಾರೇ ವಾಜ್ 2101. ಹೊರದೇಶಗಳಲ್ಲಿ ಅದರ ಹೆಸರು ಲಾಡಾ. ಅದರ ಸಂತತಿ 2012ರವರೆಗೂ ತಯಾರಾಯಿತು. ಅದೇ 124ರ ದೇಹ ಸ್ಪೇನಿನಲ್ಲಿ ಸೆಯಾಟ್, ಟರ್ಕಿಯಲ್ಲಿ ಮುರಾತ್ ಆಯಿತು. ನಮ್ಮಲ್ಲಿ ನಿಸ್ಸಾನ್ ಎಂಜಿನ್ ಹೊತ್ತು 'ಪ್ರೀಮಿಯರ್ 118 ಎನ್‌ಇ' ಆಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ಬಾಳಿದ ಕಥೆ ನಿಮಗೆಲ್ಲ ಗೊತ್ತೇ ಇದೆ.

ನೆಲದಷ್ಟೇ ಬಲವಾಗಿ ಕಾರನ್ನು ತಿದ್ದುವುದು ತೆರಿಗೆ. 2006ರ ಕೇಂದ್ರ ಬಜೆಟ್ಟು 4 ಮೀಟರ್ ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಅಥವಾ 1500 ಸಿಸಿಯೊಳಗಿನ ಡೀಸೆಲ್ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. 2008ರಲ್ಲಿ 4,160 ಮಿಲಿಮೀಟರ್ ಇದ್ದ ಸ್ವಿಫ್ಟ್ ಡಿಸೈರ್ 2012ರಲ್ಲಿ 3,995ಕ್ಕೆ ಇಳಿಯಿತು. ಹಿಂಬದಿಯ ಸಾಮಾನಿನ ಡಿಕ್ಕಿಯನ್ನು ಮೊಟಕು ಮಾಡಿದ ಇಂಥ ಸೆಡಾನುಗಳು ನಮ್ಮ ಬಜೆಟ್ಟಿನ ಮಕ್ಕಳು. ಜಪಾನಿನಲ್ಲೂ ಹೀಗೇ ತೆರಿಗೆ ಕಡಿಮೆಯಿರುವ, 3.4 ಮೀಟರ್, 660 ಸಿಸಿ ಮಿತಿಯ 'ಕೇ' ಕಾರುಗಳಿವೆ. ಆ ಮಿತಿ ಇನ್ನೂ 550 ಸಿಸಿ ಇದ್ದ ಕಾಲದ ಸುಜುಕಿ ಕಾರೇ ನಮ್ಮಲ್ಲಿ 796 ಸಿಸಿ ಎಂಜಿನ್ ಪಡೆದು 1983ರಲ್ಲಿ ಮಾರುತಿ 800 ಆಯಿತು. ಕೊಳ್ಳುವವರ ರೂಢಿಯೂ ಕಾರನ್ನು ತಿದ್ದುತ್ತದೆ: ಚೀನಾದಲ್ಲಿ ಸಾಹುಕಾರ ಹಿಂದಿನ ಸೀಟಿನಲ್ಲಿ ಕೂರುತ್ತಾನೆಂದು ಆಡಿ ಎ6 ಅನ್ನು ಉದ್ದ ಮಾಡಿ ಮಾರುತ್ತಾರೆ.

ಇನ್ನು ಕಾನೂನು. ಎಡಕ್ಕೆ ಚಲಿಸುವ ದೇಶದ ಹೆಡ್‌ಲೈಟ್ ತನ್ನ ಎಡಬದಿಯ ಅಂಚನ್ನು ಹೆಚ್ಚು ಬೆಳಗಬೇಕು. ಬಲಕ್ಕೆ ಚಲಿಸುವ ದೇಶದ ದೀಪವನ್ನು ಇಲ್ಲಿ ಹಾಕಿದರೆ ಎದುರು ಬರುವವನ ಕಣ್ಣು ಕುಕ್ಕುತ್ತದೆ. ಆದ್ದರಿಂದ ದೀಪ ಬದಲಾಗುತ್ತದೆ, ಕಾನೂನೂ ಅದನ್ನು ಕೇಳುತ್ತದೆ. ಕಾನೂನು ಕೇಳದ ಕಡೆ ಏನಾಗುತ್ತದೆ? ಇಲ್ಲಿ ಮಾರುವ ಎಷ್ಟೋ ಯುರೋಪಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಅಲ್ಲಿಯಂತೆ ಎಡಗಡೆಯೇ ಉಳಿದಿದೆ. ತಿರುವಿನಲ್ಲಿ ಹೊಸಬರು ಬಿಸಿಲಿನಲ್ಲೇ ವೈಪರ್ ಹಾಕುತ್ತಾರೆ. ಇದು ನಕ್ಕು ಬಿಡುವ ವಿಷಯ. ಮುಂದಿನದು ಹಾಗಲ್ಲ.

5. ಹೆಸರು ಒಂದೇ, ಬಂಡಿ ಬೇರೆ

ಫೋಕ್ಸ್‌ವ್ಯಾಗನ್ ಪೊಲೊ 2009ರಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 5 ನಕ್ಷತ್ರ ಪಡೆಯಿತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ 5 ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದ ಫಲಿತಾಂಶ ಪ್ರಕಟಿಸಿತು. ಆಲ್ಟೊ 800, ನ್ಯಾನೊ, ಫಿಗೊ, ಐ10 ಮತ್ತು ಪೊಲೊ. ಐದಕ್ಕೂ ಸೊನ್ನೆ. ಪೊಲೊ ದೇಹ ಗಟ್ಟಿಯಾಗಿಯೇ ಇತ್ತು, ಇಲ್ಲಿ ಮಾರುತ್ತಿದ್ದ ಅಗ್ಗದ ಮಾದರಿಯಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಆ ಫಲಿತಾಂಶದ ಬೆನ್ನಲ್ಲೇ ಕಂಪನಿ ಎಲ್ಲ ಪೊಲೊಗಳಿಗೂ ಎರಡು ಏರ್‌ಬ್ಯಾಗ್ ಹಾಕಿತು. ಅಂಥ ಪೊಲೊಗೆ 4 ನಕ್ಷತ್ರ ಬಂತು.

2016ರಲ್ಲಿ ರೆನೊ ಕ್ವಿಡ್ ಸರದಿ. ಚಾಲಕನಿಗೆ ಏರ್‌ಬ್ಯಾಗ್ ಇದ್ದ ಮಾದರಿಗೂ ಆಗ ಸೊನ್ನೆಯೇ. ಮರುವರ್ಷ ಬ್ರೆಜಿಲ್‌ನಲ್ಲಿ ಅದೇ ಹೆಸರಿನ ಕಾರು 4 ಏರ್‌ಬ್ಯಾಗ್ ಮತ್ತು ಬಲಪಡಿಸಿದ ದೇಹದೊಂದಿಗೆ ಬಂದು 3 ನಕ್ಷತ್ರ ಪಡೆಯಿತು. ಹೆಸರು, ರೂಪ, ಲಾಂಛನ ಒಂದೇ. ಅವಳಿಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿದರೂ ಈ ವ್ಯತ್ಯಾಸ ಕಾಣುವುದಿಲ್ಲ. ಅದು ಉಕ್ಕಿನ ದರ್ಜೆಯಲ್ಲಿ, ಬೆಸುಗೆಯಲ್ಲಿ, ಸ್ಟಿಯರಿಂಗ್ ನಡುವಿನ ಮುಚ್ಚಳದ ಹಿಂದೆ ಇರುತ್ತದೆ.

ಕಂಪನಿಗಳ ಸಮರ್ಥನೆಯನ್ನೂ ಕೇಳಬೇಕು. ಇಲ್ಲಿ ಆಲ್ಟೊ ಕೊಳ್ಳುವವನು ಹೆಂಡತಿ, ಇಬ್ಬರು ಮಕ್ಕಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವನು. ಕಾರಿನ ಬೆಲೆ ಏರಿದರೆ ಅವನು ಬೈಕಿನಲ್ಲೇ ಉಳಿಯುತ್ತಾನೆ, ಅದು ಇನ್ನೂ ಅಪಾಯ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆಂದು ಪೊಲೊ ತೋರಿಸಿಬಿಟ್ಟಿತು. ಒಬ್ಬರೇ ಏರ್‌ಬ್ಯಾಗ್ ಹಾಕಿ ಬೆಲೆ ಏರಿಸಿದರೆ ಪೈಪೋಟಿಯಲ್ಲಿ ಸೋಲಬಹುದು. ಕಾನೂನು ಎಲ್ಲರಿಗೂ ಹಾಕಿಸಿದರೆ ಆ ಅಂಜಿಕೆ ಇರುವುದಿಲ್ಲ. ನಮ್ಮಲ್ಲಿ ಹಾಗೇ ಆಯಿತು. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ, 2019ರ ಅಕ್ಟೋಬರಿನಿಂದ ಎಲ್ಲ ಕಾರುಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು. 2019ರ ಜುಲೈನಿಂದ ಚಾಲಕನಿಗೆ, 2021ರಿಂದ ಪಕ್ಕದವರಿಗೆ ಏರ್‌ಬ್ಯಾಗ್ ಬಂತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ನಕ್ಷತ್ರ ಕೊಡುತ್ತಿದೆ. ಇದಾದ ಮೇಲೂ ಕಾರು ಮಾರುಕಟ್ಟೆ ಮುಳುಗಲಿಲ್ಲ.

6. ಕೊನೆಯದಾಗಿ

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಮುಂದೆ ಇಂಥ ಕಾರ್ಖಾನೆಗಳಲ್ಲೇ ಕೆಲಸ ಮಾಡುತ್ತೀರಿ, ಎಲ್ಲರೂ ಒಂದಲ್ಲ ಒಂದು ದಿನ ಕಾರು ಕೊಳ್ಳುತ್ತೀರಿ. ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಇದನ್ನು ಯಾರು, ಎಲ್ಲಿ ತಯಾರಿಸಿದರು? 17 ಅಕ್ಷರಗಳ ಚಾಸಿ ನಂಬರಿನ ಮೊದಲ ಮೂರು ಅಕ್ಷರಗಳಲ್ಲಿ ಅದಕ್ಕೆ ಉತ್ತರವಿದೆ. ಇದರ ಅವಳಿ ಯಾವುದು, ಅದಕ್ಕೆ ವಾರಂಟಿ ಎಷ್ಟು? ಜಾಹೀರಾತಿನ ನಕ್ಷತ್ರಗಳು ಯಾವ ದೇಶದಲ್ಲಿ ತಯಾರಾದ, ಯಾವ ಮಾದರಿಯ ಕಾರಿಗೆ, ಯಾವ ವರ್ಷ ಬಂದವು? ಮೂರನೆಯದಕ್ಕೆ ಸೇಲ್ಸ್‌ನವರು ತಡವರಿಸಿದರೆ ಅಂದೇ ಮುಂಗಡ ಕಟ್ಟಬೇಡಿ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಒಂದೇ. ಒಂದು ಕಾರನ್ನು ಅದೇ ಹೆಸರಿನಲ್ಲಿ ಬೇರೆ ದೇಶಗಳಲ್ಲೂ ಮಾರುವ ಕಂಪನಿ, ಅಲ್ಲಿ ಇದ್ದು ಇಲ್ಲಿ ಇಲ್ಲದ ಸುರಕ್ಷತಾ ಭಾಗಗಳ ಪಟ್ಟಿಯನ್ನು ಷೋರೂಮಿನಲ್ಲಿ ಬೆಲೆಪಟ್ಟಿಯ ಪಕ್ಕದಲ್ಲೇ, ಕನ್ನಡದಲ್ಲೂ ತೂಗುಹಾಕಬೇಕು. ಬಿಡದಿಯಿಂದ ಹೊರಡುವ ಕಾರು ಆಫ್ರಿಕಾದಲ್ಲಿ ಇಳಿದರೆ ಅಲ್ಲಿಯವರಿಗೂ ಇದೇ ಹಕ್ಕು ಇರಬೇಕು. ನಮಗೆ ಕಡಿಮೆ ಕೊಟ್ಟರೆಂದು ದೂರುವ ನಾವು, ಇನ್ನೊಬ್ಬರಿಗೆ ಕಡಿಮೆ ಕಳಿಸುವವರಾಗಬಾರದು.