ವಜ್ರದೊಳಗಿನ ಚುಕ್ಕೆ, ವಜ್ರದೊಳಗಿನ ಮೋಡ

ಕೇಳುಗರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಅಳಲು ಒಂದೇ. ಮಗಳ ಮದುವೆಗೆಂದು ವಜ್ರದ ಓಲೆ ನೋಡಿದ್ದಾಗಿದೆ, ಅಂಗಡಿಯವರು ಭೂತಗನ್ನಡಿ ಕೈಗೆ ಕೊಟ್ಟಿದ್ದಾರೆ, ಕಲ್ಲಿನೊಳಗೆ ಒಂದು ಕಪ್ಪು ಚುಕ್ಕೆ ಕಂಡಿದೆ. ಕೊಳ್ಳುವುದೋ, ಬಿಡುವುದೋ? ಹೊಳಪು ಕಡಿಮೆಯೇ? ಕೆಲವರಿಗೆ ಇನ್ನೂ ಒಂದು ದಿಗಿಲು: ಮನೆಗೆ ಆಗಿಬರುತ್ತದೆಯೇ?

ಆಗಿಬರುವ ಮಾತನ್ನು ಮೊದಲು ಮುಗಿಸಿಬಿಡುವುದು ಒಳ್ಳೆಯದು. ಕಾಗೆಯ ಹೆಜ್ಜೆಯಂಥ ಗುರುತು, ಅಂದರೆ ಕಾಕಪಾದದಂಥ ದೋಷಗಳನ್ನು ವರಾಹಮಿಹಿರನ ಬೃಹತ್ಸಂಹಿತೆಯೇ ಹೇಳುತ್ತದೆ, ನಿಜ. ಅಂದಿನ ಪರೀಕ್ಷಕರ ಕಣ್ಣು ಎಷ್ಟು ಚುರುಕಾಗಿತ್ತು ಎಂಬುದಕ್ಕೆ ಅದು ಸಾಕ್ಷಿಯೇ ಹೊರತು ಮನೆಯ ಗ್ರಹಚಾರಕ್ಕಲ್ಲ. ನೆಲದಡಿ ಸುಮಾರು ನೂರು ಮೈಲಿ ಆಳದ ಒತ್ತಡದಲ್ಲಿ ವಜ್ರ ಬೆಳೆಯುವಾಗ ಪಕ್ಕದ ಖನಿಜದ ಹರಳೊಂದು ಒಳಗೆ ಸಿಕ್ಕಿಕೊಂಡಿತು. ಚುಕ್ಕೆ ಎಂದರೆ ಬಹುಪಾಲು ಅಷ್ಟೇ. ಗೋಲ್ಕೊಂಡ ಸೀಮೆಯಿಂದ ಹೊರಟು ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿ ಕುಳಿತಿರುವ 45.52 ಕ್ಯಾರೆಟ್ಟಿನ ಹೋಪ್ ವಜ್ರಕ್ಕೂ ಸಿಕ್ಕಿರುವ ನಿರ್ಮಲತೆಯ ದರ್ಜೆ ವಿಎಸ್1. ಅದೂ ಪೂರ್ತಿ ನಿರ್ಮಲವಲ್ಲ.

ದರ್ಜೆಗಳ ಪಟ್ಟಿ ಈಗ ಅಂಗಡಿಯ ಗೋಡೆಯ ಮೇಲೇ ಇರುತ್ತದೆ, ಇಲ್ಲಿ ಓದಬೇಕಿಲ್ಲ. ಆದರೆ ಅದು ಏನನ್ನು ಅಳೆಯುತ್ತದೆ ಎಂಬಲ್ಲೇ ಜನ ಎಡವುವುದು. ವಜ್ರ ಪರೀಕ್ಷಿಸಿ ವರದಿ ಕೊಡುವ ಜಿಐಎ ಸಂಸ್ಥೆಯ 11 ದರ್ಜೆಗಳು ಹೇಳುವುದು 10 ಪಟ್ಟು ಹಿಗ್ಗಿಸಿ ನೋಡಿದಾಗ ಒಳಗಿನದು ಎಷ್ಟು ಸುಲಭವಾಗಿ ಕಾಣುತ್ತದೆ ಎಂದು. ಬೆಳಕು ಕಲ್ಲಿನೊಳಗೆ ಹೇಗೆ ಓಡಾಡುತ್ತದೆ ಎಂಬುದು ಅದರಲ್ಲಿಲ್ಲ.

ಬೆಳಕಿನ ದಾರಿ ಹೀಗೆ: ಮೇಲಿನಿಂದ ಒಳಹೊಕ್ಕ ಕಿರಣ ತಳದ ಮುಖಗಳಿಗೆ ಬಡಿದು, ಪುಟಿದು, ಮತ್ತೆ ಮೇಲಕ್ಕೇ ಬರಬೇಕು. 1 ಕ್ಯಾರೆಟ್ಟಿನ ದುಂಡು ಕಲ್ಲಿನ ಅಗಲ ಸುಮಾರು 6.5 ಮಿಲಿಮೀಟರ್. ಅದರಲ್ಲಿ 0.1 ಮಿಲಿಮೀಟರಿನ ಚುಕ್ಕೆ ಆಕ್ರಮಿಸುವ ಜಾಗ 4,000ದಲ್ಲಿ ಒಂದು ಪಾಲಿಗೂ ಕಡಿಮೆ. ತನ್ನ ದಾರಿಗೆ ಬಂದ ಕಿರಣವನ್ನಷ್ಟೇ ಅದು ತಡೆಯುತ್ತದೆ. ಉಳಿದ ಬೆಳಕಿಗೆ ಅದು ಇದೆಯೆಂದೇ ಗೊತ್ತಿಲ್ಲ. ನಟ್ಟನಡುವೆ ತಳದ ಹತ್ತಿರ ಕುಳಿತರೆ ಮಾತ್ರ ಒಂದೇ ಚುಕ್ಕೆ ಸುತ್ತಲಿನ ಮುಖಗಳಲ್ಲಿ ಪ್ರತಿಫಲಿಸಿ ನಾಲ್ಕಾರಾಗಿ ಕಾಣುತ್ತದೆ. ಅಂಥದ್ದನ್ನು ಬಿಡಬಹುದು. ಅಂಚಿನಲ್ಲಿದ್ದರೆ ಚಿನ್ನದ ಕಟ್ಟಿನಡಿ ಮರೆಯಾಗುತ್ತದೆ.

ಮೋಡ ಹಾಗಲ್ಲ. ಒಂದೊಂದಾಗಿ ಕಣ್ಣಿಗೆ ಬೀಳದಷ್ಟು ಸಣ್ಣ ಕಣಗಳು ಗುಂಪುಗೂಡಿ ಕಲ್ಲಿನ ಉದ್ದಗಲಕ್ಕೂ ಹರಡಿದಾಗ, ಒಳಬಂದ ಬೆಳಕೆಲ್ಲ ಅವುಗಳ ನಡುವೆಯೇ ಹಾದು ಹೋಗಬೇಕು, ಹಾದಷ್ಟೂ ಚದುರಬೇಕು. ಬಸ್ಸಿನ ಕಿಟಕಿಗೆ ಒಂದು ಹನಿ ಕೆಸರು ಸಿಡಿದರೆ ಹೊರಗಿನ ಹೊಲ ಕಾಣುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಗಾಜಿಗೆಲ್ಲ ಹಬೆ ಕೂತರೆ ಹೊಲವೇ ಇಲ್ಲ. ಆದರೂ ಕೊಳ್ಳುವವರು ಕೆಸರಿನ ಹನಿಗೆ ಹೆದರಿ ಹಬೆ ಕೂತ ಗಾಜನ್ನು ಮನೆಗೆ ತರುತ್ತಾರೆ. ಯಾಕೆಂದರೆ ಮೋಡದಲ್ಲಿ ಬೊಟ್ಟುಮಾಡಿ ತೋರಿಸಲು ಒಂದು ಚುಕ್ಕೆಯೂ ಇರುವುದಿಲ್ಲ. "ನೋಡಿ, ಎಷ್ಟು ಕ್ಲೀನಾಗಿದೆ" ಎನ್ನುವುದು ಸುಲಭ.

ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಈ ಭಾಷಣಕಾರನೇ ನೋಡಿದ್ದು: 50 ಸೆಂಟಿನ, ಅಂದರೆ ಅರ್ಧ ಕ್ಯಾರೆಟ್ಟಿನ ಎರಡು ಕಲ್ಲು, ಎರಡಕ್ಕೂ ಎಸ್‌ಐ1 ದರ್ಜೆ. ದೀಪಗಳ ಕೆಳಗೆ ಎರಡೂ ಕೋರೈಸುತ್ತಿದ್ದವು. ಬಾಗಿಲ ಬಳಿ, ಬಿಸಿಲು ನೇರ ಬೀಳದ ಬೆಳಕಿಗೆ ತಂದಾಗ ಒಂದರ ಅಂಚಿನಲ್ಲಿ ಚುಕ್ಕೆ ಇತ್ತು, ಆದರೂ ಕಲ್ಲು ನಗುತ್ತಿತ್ತು. ಇನ್ನೊಂದರಲ್ಲಿ ಚುಕ್ಕೆ ಇರಲಿಲ್ಲ, ಆದರೆ ಕಪ್ಪುಬಿಳುಪಿನ ಗೆರೆ ಕಲಸಿಹೋಗಿ ಮಾಸಲು ಬಿಳುಪು ಕವಿದಿತ್ತು. ದರ್ಜೆ ಒಂದೇ, ಕಲ್ಲು ಬೇರೆ.

ಕಲ್ಲಿನ ಜೊತೆ ಬರುವ ಪರೀಕ್ಷಾ ವರದಿಯ ಕೊನೆಯ ಷರಾ ಓದುವವರು ಕಡಿಮೆ. 'ಇನ್ನಷ್ಟು ಮೋಡಗಳಿವೆ, ನಕ್ಷೆಯಲ್ಲಿ ತೋರಿಸಿಲ್ಲ' ಎಂಬರ್ಥದ ಸಾಲು ಸಾಮಾನ್ಯವಾಗಿ ನಿರುಪದ್ರವಿ. 'ತೋರಿಸದ ಮೋಡಗಳ ಆಧಾರದ ಮೇಲೆಯೇ ದರ್ಜೆ ಕೊಟ್ಟಿದೆ' ಎಂದಿದ್ದರೆ, ಅದರಲ್ಲೂ ಎಸ್‌ಐ ದರ್ಜೆಯಲ್ಲಿ, ಕಲ್ಲನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬಾರದು. ಮತ್ತೊಮ್ಮೆ: ಚುಕ್ಕೆಯನ್ನು ಕಣ್ಣು ಹುಡುಕಿಕೊಳ್ಳುತ್ತದೆ, ಮೋಡವನ್ನು ಕೊಳ್ಳುವವರೇ ಹುಡುಕಬೇಕು. ಅದಕ್ಕೆ ಇನ್ನೊಂದು ಒಳ್ಳೆಯ ಕಲ್ಲು ಪಕ್ಕದಲ್ಲಿರಬೇಕು, ಅಂಗಡಿಯ ದೀಪ ಇರಬಾರದು.

ಮಿಕ್ಕದ್ದು ಬೇಗ. ಒಳಬಿರುಕು ಅಂಚನ್ನು ಮುಟ್ಟಿದ್ದರೆ ಕಲ್ಲು ಕಟ್ಟುವಾಗಲೇ ಚಕ್ಕೆ ಏಳಬಹುದು. "ವಜ್ರ ಒಡೆಯುವುದುಂಟೇ" ಎನ್ನುವವರಿಗೆ ಉತ್ತರ: ಗೀರು ಬೀಳುವುದು ಕಷ್ಟ, ಸೀಳುವುದು ಅಷ್ಟು ಕಷ್ಟವಲ್ಲ. ಬಿರುಕಿಗೆ ಗಾಜಿನಂಥ ಪದಾರ್ಥ ತುಂಬಿದ ಕಲ್ಲುಗಳೂ ಪೇಟೆಯಲ್ಲಿವೆ. ರಿಪೇರಿ ಮಾಡುವವನ ಬೆಂಕಿಗೆ ಆ ತುಂಬು ಕೆಡುತ್ತದೆ. ಕಟಿಂಗ್ ಕೆಟ್ಟಿದ್ದರಂತೂ ನಿರ್ಮಲ ಕಲ್ಲೂ ಮಂಕೇ. 1851ರ ಲಂಡನ್ ಪ್ರದರ್ಶನದಲ್ಲಿ ಕೊಹಿನೂರ್ ನೋಡಿದವರು ಮುಖ ಸಣ್ಣದು ಮಾಡಿಕೊಂಡು ಹೋದರು. ಮರುವರ್ಷ ಹೊಳಪಿಗೋಸ್ಕರ ಅದನ್ನು ಸುಮಾರು 191 ಕ್ಯಾರೆಟ್ಟಿನಿಂದ 105.6ಕ್ಕೆ ಇಳಿಸಿ ಕಡೆದರು.

ಹಳೆಯ ಓಲೆ ಮಂಕಾಗಿದೆ ಎಂದು ಬರುವವರ ಕಲ್ಲಿನಲ್ಲಿ ಎಷ್ಟೋ ಸಲ ದೋಷವೇ ಇರುವುದಿಲ್ಲ. ವಜ್ರಕ್ಕೆ ಜಿಡ್ಡೆಂದರೆ ಪ್ರಾಣ. ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಜಲ್ಲಿ ಹರಿಸಿ ವಜ್ರವನ್ನು ಅಂಟಿಸಿಕೊಳ್ಳುತ್ತಿದ್ದುದು ಈ ಗುಣದಿಂದಲೇ. ತಲೆಗೆಣ್ಣೆ, ಸೋಪು ಹಿಂಬದಿಗೆ ಕೂತಿರುತ್ತವೆ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು.

ನಮ್ಮ ಕಡೆಯ ಓಲೆಗಳಿಗೆ ಹಿಂಬದಿ ಮುಚ್ಚಿ ಕಟ್ಟುವ ರೂಢಿಯೂ ಇದೆ. ಕಟ್ಟಿದ ಮೇಲೆ ಬಿರುಕೂ ಕಾಣದು, ಮೋಡವೂ ಕಾಣದು. ಆದ್ದರಿಂದ ಏಳು ಕಲ್ಲಿನ ಬೆಂಡೋಲೆಯಾದರೂ ಸರಿ, ಕಟ್ಟುವ ಮುಂಚೆಯೇ ಬಿಡಿ ಕಲ್ಲುಗಳನ್ನು ಬಿಳಿ ಕಾಗದದ ಮೇಲೆ ಸುರಿಸಿ, ಕಿಟಕಿಯ ಬಳಿ ಸಾಲಾಗಿಟ್ಟು ನೋಡಬೇಕು. ಹಾಗೆ ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ.