ಪ್ಲಗ್ ಕಿತ್ತರೆ ಸಾಲದು



ದುಡಿದು ತಿನ್ನುವವರಾದ ನಮಗೆ ಕೆಟ್ಟ ವಸ್ತುವನ್ನು ಎಸೆಯಲು ಮನಸ್ಸಾಗುವುದಿಲ್ಲ. ಬಿಚ್ಚಿ ನೋಡೋಣ ಎನ್ನುತ್ತೇವೆ. ಇದು ಒಳ್ಳೆಯ ಗುಣವೇ. ಆದರೆ ಅಟ್ಟದ ಮೇಲೆ ಉಳಿದಿರುವ, ಗಾಜಿನ ಟ್ಯೂಬಿನ ಹಳೆಯ ಕಂಪ್ಯೂಟರ್ ಮಾನಿಟರನ್ನು ಬಿಚ್ಚುವ ಮೊದಲು ಒಂದು ಮಾತು ನೆನಪಿರಲಿ: ಪ್ಲಗ್ ಕಿತ್ತ ಕೂಡಲೇ ಅದರೊಳಗಿನ ವಿದ್ಯುತ್ತು ಹೋಗುವುದಿಲ್ಲ.

ಇದು ನಮಗೂ ಪೆಟ್ಟು ತಿಂದ ಮೇಲೆಯೇ ತಿಳಿಯಿತು. ಪ್ಲಗ್ ಕಿತ್ತಿದ್ದೇವೆಂಬ ಧೈರ್ಯದಿಂದ ಕೈ ಹಾಕಿದೆವು. ಕೈ ಹಿಂದಕ್ಕೆ ಹಾರಿ ಮೊಣಕೈ ಗೋಡೆಗೆ ಬಡಿಯಿತು. ಎರಡು ದಿನದ ಕೂಲಿ ಹೋಯಿತು, ಜೀವ ಉಳಿಯಿತು.

ಕಾರಣವೇನು? ಮನೆಯ 230 ವೋಲ್ಟ್ ವಿದ್ಯುತ್ತು ಒಳಗೆ ಏಕಮುಖವಾದಾಗ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 320 ವೋಲ್ಟ್ ತುಂಬಿಕೊಳ್ಳುತ್ತದೆ. ಟ್ಯೂಬಿನ ಮೇಲೆ ರಬ್ಬರ್ ಮುಚ್ಚಳದಡಿ ಸೇರುವ ದಪ್ಪ ತಂತಿಯಲ್ಲಿ, ಬಣ್ಣದ ಮಾನಿಟರಾದರೆ, ಸಾಮಾನ್ಯವಾಗಿ 20,000 ವೋಲ್ಟಿಗೂ ಹೆಚ್ಚು. ಟ್ಯೂಬಿನ ಗಾಜೇ ಅದನ್ನು ಕೆಲವೊಮ್ಮೆ ದಿನಗಟ್ಟಲೆ ಹಿಡಿದಿಡುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಕವಚ ಬಿಚ್ಚದೆಯೇ ನೋಡುವುದು ಬಹಳಷ್ಟಿದೆ. ಪ್ಲಗ್ಗು, ಕರೆಂಟಿನ ತಂತಿ ಸರಿಯಿವೆಯೇ? ಒಂದು ಬಣ್ಣ ಕಾಣದಿದ್ದರೆ ಕೇಬಲಿನ ಪಿನ್ನು ಬಾಗಿದೆಯೇ? ಪರದೆಯ ಮೂಲೆಯಲ್ಲಿ ಬಣ್ಣ ಕೆಟ್ಟಿದ್ದರೆ ಹತ್ತಿರ ಸ್ಪೀಕರಿನ ಅಯಸ್ಕಾಂತವಿದೆಯೇ? ಇವಕ್ಕೆ ಕಾಸಿನ ಖರ್ಚೂ ಇಲ್ಲ.

ಬಿಚ್ಚಲೇಬೇಕಾದರೆ ಕೆಲಸ ಬಲ್ಲವರಿಗೆ ಕೊಟ್ಟು, ಪಕ್ಕದಲ್ಲಿ ಕುಳಿತು ಕಲಿಯೋಣ. ಅವರು ಉಂಗುರ, ಕೈಗಡಿಯಾರ ಕಳಚಿಡುತ್ತಾರೆ. ಒಂಟಿಯಾಗಿ ಕೂರುವುದಿಲ್ಲ. ಒಂದು ಕೈಯನ್ನು ಬೆನ್ನ ಹಿಂದಿಡುತ್ತಾರೆ. ಎರಡೂ ಕೈ ತಗುಲಿದರೆ ವಿದ್ಯುತ್ತು ಎದೆಯ ಮೂಲಕ ಹರಿಯಬಹುದು. ತಕ್ಕ ಸಲಕರಣೆಯಿಂದ ಟ್ಯೂಬಿನ ವಿದ್ಯುತ್ತನ್ನು ಅದರ ಅರ್ತ್ ತಂತಿಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಳಿಸುತ್ತಾರೆ. ಅದು ಪುನಃ ಕೂಡಿಕೊಳ್ಳುವುದುಂಟು. ಕೆಪಾಸಿಟರನ್ನು ಬೇರೆಯಾಗಿ ಖಾಲಿ ಮಾಡಿ ಮೀಟರಿನಿಂದ ನೋಡುತ್ತಾರೆ. ಆಮೇಲೆಯೇ ಬೆಸುಗೆಯ ಕೆಲಸ.

ದುರಸ್ತಿಯಾಗದಿದ್ದರೆ ಟ್ಯೂಬನ್ನು ಒಡೆಯಬೇಡಿ. ಒಳಗೆ ಗಾಳಿಯಿಲ್ಲದ ಕಾರಣ ಅದು ಒಳಕ್ಕೆ ಕುಸಿದು ಗಾಜು ಸಿಡಿಯುತ್ತದೆ. ಗಾಜಿನಲ್ಲಿ ಸೀಸವೂ ಇದೆ. ನಾವು ತಿಪ್ಪೆಗೆ ಹಾಕಿದ್ದನ್ನು ತಾಮ್ರದ ಆಸೆಗೆ ಒಡೆಯುವವರು ಗುಜರಿ ಆಯುವ ಬಡವರು, ಅವರ ಮಕ್ಕಳು. 2022ರ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿಸಿಕೊಂಡ ಮರುಬಳಕೆದಾರರಿಗೆ ಅದನ್ನು ಒಪ್ಪಿಸೋಣ. ನಮ್ಮ ಕೈ ಉಳಿಸಿಕೊಂಡಂತೆ ಅವರ ಕೈಯನ್ನೂ ಉಳಿಸೋಣ.